ಹುಳುಮನೆಯಲ್ಲಿ ಜೋಲಿ ಕಟ್ಟಿದ ಚಿಕ್ಕಮಾದಮ್ಮ

ಮುಳ್ಳೂರಿನ ಕೋಳಿಗಳು ಕೂಗುತ್ತಿವೆ. ಚಿಕ್ಕಮಾದಮ್ಮ ಹುಳುಮನೆಯ ಬಾಗಿಲು ತೆಗೆಯುತ್ತಾರೆ. ಸೂರಿನ ಗಾಜಿನ ಹೆಂಚುಗಳಿಂದ ನೀರುಮಜ್ಜಿಗೆಯಂಥ ಬೆಳಕು ಇಳಿದು, ಸುಣ್ಣ ಬಳಿದ ಗೋಡೆಗಳ ಮೇಲೆ ಹರಡಿಕೊಳ್ಳುತ್ತದೆ. ಒಳಗೆ ಈಗ ರೇಷ್ಮೆ ಹುಳುವಿನ ತಟ್ಟೆಗಳಿಲ್ಲ. ಸಾಲಾಗಿ ಗಾರೆಯ ತೊಟ್ಟಿಗಳು, ತೊಟ್ಟಿ ತುಂಬ ಜಲ್ಲಿಕಲ್ಲು, ಕಲ್ಲಿನ ಸಂದಿಯಲ್ಲಿ ನೀರು. ಹಿಡಿ ಮಣ್ಣಿಲ್ಲ. ಆ ಕಲ್ಲಿನೊಳಗಿಂದ ಎದ್ದ ಟೊಮೆಟೊ ಗಿಡಗಳು ಹುರಿ ಹಿಡಿದು ಜಂತೆಯವರೆಗೆ ಹತ್ತಿವೆ.

ಒಂದೊಂದು ಹಣ್ಣೂ ಅಂಗೈಯಲ್ಲಿ ಹಿಡಿಸದಷ್ಟು ದಪ್ಪ. ಭಾರಕ್ಕೆ ತೊಟ್ಟು ಮುರಿಯದಿರಲೆಂದು ಹಳೆಯ ಸೀರೆಯ ತುಂಡುಗಳಲ್ಲಿ ಜೋಲಿ ಕಟ್ಟಿ ತೂಗುಬಿಟ್ಟಿದ್ದಾರೆ. ಕಿಟಕಿಯಿಂದ ಗಾಳಿ ಬಂದರೆ ಜೋಲಿಗಳೆಲ್ಲ ಮೆಲ್ಲಗೆ ಆಡುತ್ತವೆ. ಮನೆ ತುಂಬ ಕೂಸುಗಳು ಮಲಗಿರುವ ಹಾಗೆ, ಗಟ್ಟಿಯಾಗಿ ಮಾತಾಡಲೂ ಮನಸ್ಸು ಬಾರದು.

"ಬೀಡಿ ಗೀಡಿ ಇದ್ರೆ ಆರ್ಸಿ, ಕಾಲು ತೊಳ್ಕಂಡು ಬನ್ನಿ ಸಾ" ಎಂಬುದು ಬಂದವರಿಗೆ ಅವರು ಹೇಳುವ ಮೊದಲ ಮಾತು. ಈ ಸೀಮೆಯಲ್ಲಿ ಹುಳು ಸಾಕುವ ಮನೆಗೆ ಯಾರೂ ಹಾಗಲ್ಲದೆ ಕಾಲಿಡುವುದಿಲ್ಲ. ಬಾಗಿಲ ಬಳಿ ನೀರಿನ ಮಡಕೆ ಇದೆ, ತುಳಿದು ಬರಲು ಸುಣ್ಣದ ಪುಡಿಯಿದೆ. ಹುಳು ಹೋಗಿ ಗಿಡ ಬಂದರೂ ಅವರು ಆ ಕಟ್ಟಳೆ ಬಿಟ್ಟಿಲ್ಲ. ಒಪ್ಪದವರು ಒಬ್ಬರೇ: ಈ ಹುಳುಮನೆಯ ಯಜಮಾನ, ಚಿಕ್ಕಮಾದಮ್ಮನ ಗಂಡನ ಅಣ್ಣ ಪುಟ್ಟಸಿದ್ದಯ್ಯ. ಚಪ್ಪಲಿ ಮೆಟ್ಟಿಕೊಂಡು, ಬೀಡಿ ಕಚ್ಚಿಕೊಂಡು ನೇರ ಒಳಗೆ ಬರುತ್ತಾರೆ. "ಸಾರಿಗಾಕೋ ಕಾಯ್ಗೂ ಕಾಲು ತೊಳೀಬೇಕೇನಮ್ಮಿ" ಎಂದು ನಗುತ್ತಾರೆ.

ಆ ಯಜಮಾನರು ಈ ಬೆಳಗ್ಗೆ ಬರಲಿದ್ದಾರೆ. ಹಣ್ಣು ಮಾಗಿ ನಿಂತಿದ್ದರೆ ಮನೆ ಗಿಡಕ್ಕೇ ಉಳಿಯುತ್ತದೆ ಎಂಬುದು ಅವರ ಮಾತು. ಇಲ್ಲವಾದರೆ ಗಿಡ ಕಿತ್ತು, ತೊಟ್ಟಿ ಒಡೆದು, ಮುಂದಿನ ಹುಳುವಿನ ಬೆಳೆ ಇಲ್ಲಿಗೆ. ಗಿಡಕ್ಕೆ ಇಂಥ ಇನ್ನೊಂದು ಸೂರು ಚಿಕ್ಕಮಾದಮ್ಮನಿಗಿಲ್ಲ.

ಮದುವೆಗೆ ಮುಂಚೆ ಅವರು ಯಳಂದೂರಿನಲ್ಲಿ ರಿಟೈರಾದ ರೇಂಜರೊಬ್ಬರ ಬಂಗಲೆಯಲ್ಲಿ ತೋಟದ ಕೆಲಸಕ್ಕಿದ್ದರು. ಅಲ್ಲೊಂದು ಗಾಜಿನ ಕೋಣೆ. ಜಲ್ಲಿಕಲ್ಲಿಗೆ ಗೊಬ್ಬರದ ಉಪ್ಪು ಕರಗಿಸಿದ ನೀರು ಹಾಯಿಸಿ ಪರದೇಶದ ದಪ್ಪ ಟೊಮೆಟೊ ಬೆಳೆಯುವುದು ಆ ಮುದುಕರ ಹುಚ್ಚು. ಅವರು ತೀರಿಕೊಂಡಾಗ ಕೋಣೆಯ ಗಾಜು ಮಾರಾಟವಾಯಿತು. ಚಿಕ್ಕಮಾದಮ್ಮನ ಸೆರಗಿನ ಗಂಟಿನಲ್ಲಿ ಬೀಜ ಉಳಿಯಿತು. ಹಿತ್ತಲ ಮಣ್ಣಿನಲ್ಲಿ ಹಾಕಿದಾಗಲೆಲ್ಲ ಗಿಡ ಸೊರಗು ರೋಗ ಹಿಡಿದು ಸತ್ತಿತು. ಬದುಕಿದ ಒಂದೆರಡು ಗಿಡಗಳಿಂದ ಮತ್ತೆ ಬೀಜ ಹಿಡಿದಿಟ್ಟರು. ಗಾರೆ ಕೆಲಸದ ಗಂಡ ಶಿವಯ್ಯ ಕಾಮಗೆರೆಯಿಂದ ಬಂದಾಗಲೆಲ್ಲ ಈ ಹುಳುಮನೆಯಲ್ಲಿ ಒಂದೊಂದು ತೊಟ್ಟಿ ಕಟ್ಟಿಕೊಟ್ಟರು.

ನಗಲು ಬಂದವರಿಗೆ ಲೆಕ್ಕವಿಲ್ಲ. ಬಾವಿಯಿಂದ ಒಂದು ಕೊಡ ಎತ್ತಿಕೊಟ್ಟವರಿಲ್ಲ. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟದ್ದನ್ನು ಪುಟಗಟ್ಟಲೆ ಬರೆದ ಪತ್ರಿಕೆಯವರಿಗೆ ಕೊಳ್ಳೇಗಾಲದ ಬಸ್ಸಿಳಿದು ಇಷ್ಟು ದೂರ ನಡೆಯಲು ಕಾಲು ನೋಯುತ್ತದೆ. ಬೆಳಗ್ಗೆ, ಸಂಜೆ ಗೊಬ್ಬರದುಪ್ಪಿನ ನೀರು ಹೊಯ್ದು, ತೊಟ್ಟಿಯ ತೂತಿನಿಂದ ಬಸಿದದ್ದನ್ನು ಹಿಡಿದು ಮತ್ತೆ ಹೊಯ್ಯುವ ಈ ಹೆಂಗಸಿನ ಬೆನ್ನು ಯಾರಿಗೂ ಸುದ್ದಿಯಲ್ಲ.

ಮೊದಲ ಬೆಳೆ ಪೂರ್ತಿ ಹೋಯಿತು. ಆದದ್ದು ಹುಳು ಸಾಕಿದವರು ಮಾತ್ರ ಮಾಡಬಲ್ಲ ತಪ್ಪು. "ಚಳಿಗಾಲ ಅಲ್ವರಾ. ರೇಸ್ಮೆ ಉಳಕ್ಕೆ ಮಾಡ್ದಂಗೇಯ ಕಿಟ್ಕಿ ಬಾಗ್ಲು ಮುಚ್ಚಿ, ಇಜ್ಜಲು ಕೆಂಡ ಮಡಗ್ದೆ. ಬೆಚ್ಗಿರ್ಲಿ ಅಂತವ. ಊವೆಲ್ಲ ಉದ್ರೋದ್ವು ಸಾ. ಗುಡಿಸಿ ಮೊರಕ್ಕೆ ತುಂಬ್ಕಂಡು ಕಣ್ಣೀರಾಕ್ದೆ" ಎನ್ನುತ್ತಾರೆ. ಮುರಿದ ಕಿಟಕಿಯ ಪಕ್ಕದ ಗಿಡವೊಂದರಲ್ಲಿ ಮಾತ್ರ ಕಾಯಿ ಕಚ್ಚಿತ್ತು. ಗಾಳಿ ಅದನ್ನು ಅಲುಗಿಸುತ್ತಿತ್ತು. ಅದನ್ನು ನೋಡುತ್ತ ಕೂತವರು ಎದ್ದು ಕೆಂಡವನ್ನು ಹೊರಗೆ ಸುರಿದರು, ಕಿಟಕಿಗಳನ್ನು ತೆಗೆದರು. ಆಗತಾನೆ ಒಡೆದ ಎಳೆಹುಳುವನ್ನು ಸೊಪ್ಪಿನ ಮೇಲೆ ಸವರಿಬಿಡುವ ಕೋಳಿಗರಿ ಗೋಡೆಯ ಗೂಡಿನಲ್ಲೇ ಇತ್ತು. ಅಂದಿನಿಂದ, ಕಾಯಿ ಕಚ್ಚಲೆಂದು, ಆ ಗರಿಯಲ್ಲಿ ಹೂಗಳನ್ನು ಒಂದೊಂದಾಗಿ ತಟ್ಟುತ್ತಾರೆ. ಈಗಲೂ ತಟ್ಟುತ್ತಿದ್ದಾರೆ. ಗಾಜಿನ ಬೆಳಕಿನಲ್ಲಿ ಹಳದಿ ಧೂಳು ಕಂಡೂ ಕಾಣದಂತೆ ಏಳುತ್ತದೆ.

"ಎಚ್ಗೇನು ಬ್ಯಾಡ ನಂಗೆ. ಈ ಬೀಜ ನಮ್ಮೂರಲ್ಲಿ ಉಳೀಲಿ. ಅದ್ಕೊಂದು ಸೂರಿರ್ಲಿ."

ಹೊರಗೆ ಚಪ್ಪಲಿಯ ಸದ್ದು. ಗರಿ ಹಿಡಿದ ಕೈ ಅಲ್ಲೇ ನಿಲ್ಲುತ್ತದೆ. ಪುಟ್ಟಸಿದ್ದಯ್ಯ ಹೊಸ್ತಿಲಾಚೆ ನಿಂತು ಇಣುಕುತ್ತಾರೆ. ಸೂರ್ಯ ಹೆಂಚಿನ ಗಾಜಿಗೆ ಬಂದಿದ್ದಾನೆ. ಹಳೆಯ ಸೀರೆಗಳ ನೀಲಿ, ಹಸಿರು ಬಟ್ಟೆಯೊಳಗಿಂದ ಹಣ್ಣುಗಳು ಕೆಂಡದಂತೆ ಕೆಂಪಗೆ ಹೊಳೆಯುತ್ತಿವೆ. ಅವರು ಬೀಡಿಯನ್ನು ಗೋಡೆಗೆ ಒತ್ತಿ ಆರಿಸುತ್ತಾರೆ. ಚಪ್ಪಲಿ ಬಿಡುತ್ತಾರೆ. ಮಡಕೆಯ ನೀರು ಮೊಗೆದು, ಹಿಮ್ಮಡಿಯನ್ನೂ ಬಿಡದೆ ಕಾಲು ತೊಳೆದು, ಸುಣ್ಣ ತುಳಿದು ಒಳಗೆ ಬರುತ್ತಾರೆ.

"ರೇಸ್ಮೆ ಉಳವ ನಮ್ಮ ಪಡಸಾಲೇಲೇ ಮೇಯಿಸ್ಕತೀವಿ ಬುಡು" ಎನ್ನುತ್ತಾರೆ, ಸಣ್ಣ ದನಿಯಲ್ಲಿ.

ಚಿಕ್ಕಮಾದಮ್ಮ ಒಂದು ಜೋಲಿಯ ಗಂಟು ಬಿಚ್ಚಿ, ಹಣ್ಣು ಕಿತ್ತು ಮುಂದೆ ಚಾಚುತ್ತಾರೆ. ಪುಟ್ಟಸಿದ್ದಯ್ಯ ಒಂದು ಕೈ ನೀಡುತ್ತಾರೆ.

"ಎಲ್ಡು ಕೈಲೂ ಇಡ್ಕಳಿ ಬಾವ. ಬಾರ ಅದೆ."