ಒಣ ಸೀಮೆಯ ಸೊಳ್ಳೆ

ಮೊನ್ನೆ ನಮ್ಮ ಆಸ್ಪತ್ರೆ ಹಿತ್ತಲಲ್ಲಿ ಯಾರೋ ಸಿಮೆಂಟ್ ತೊಟ್ಟಿಯನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದರು. ಆ ಹಸಿ ಪಾಚಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ದೊಡ್ಡ ಸಿಸ್ಟರ್ ಕಣ್ಣ ಮುಂದೆ ಬಂದರು...

ಗಂಗಾವತಿ ಹತ್ತಿರದ ಈ ಸಣ್ಣ ಸರಕಾರಿ ಆಸ್ಪತ್ರೆಯಲ್ಲಿ ಆಗ ನಾನು ಹೊಸ ನರ್ಸ್, ಅವರು ಎಲ್ಲರಿಗಿಂತ ಹಿರಿಯರು. ದನಿ ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು. ನಾನು ಚೊಚ್ಚಲ ಬಸುರಿಯಾದಾಗ ಅವರದೇ ಅಪ್ಪಣೆಯಾಯಿತು. “ಇಲ್ಲಿ ಕಾಲುವಿ, ಗದ್ದಿ, ಬರೇ ಸೊಳ್ಳಿ. ರಜಾ ಹಾಕಿ ಕುಷ್ಟಗಿ ಕಡಿ ನಿಮ್ಮ ತವರಿಗೆ ಹೋಗವ್ವಾ. ಒಣ ಸೀಮಿ, ಕಾಟ ಇಲ್ಲ.” ಅವರೊಬ್ಬರೇ ಏನಲ್ಲ, ನಾವು ನರ್ಸುಗಳೆಲ್ಲ ಬಸುರಿಯರಿಗೆ ಹೀಗೇ ಹೇಳುತ್ತಿದ್ದೆವು. ನೀರಾವರಿ ಕಡೆ ಸೊಳ್ಳೆ, ಒಣ ಬೇಸಾಯದ ಕಡೆ ನಿಶ್ಚಿಂತೆ ಎಂದೇ ನಂಬಿದ್ದೆವು.

ನಾನು ತವರು ಸೇರಿದ ಮೇಲೆ ಅವರಿಗೆ ಕೊಪ್ಪಳದಲ್ಲಿ ಝೀಕಾ ವೈರಸ್ ಬಗ್ಗೆ ತರಬೇತಿ ಆಯಿತಂತೆ. ಮರುದಿನ ಬೆಳಿಗ್ಗೆ ನೋಡುತ್ತೇನೆ, ಬೆವರು ಒರೆಸಿಕೊಳ್ಳುತ್ತ ನಮ್ಮ ಬಾಗಿಲಲ್ಲಿ ನಿಂತಿದ್ದಾರೆ! ಚಹಾ ಬೇಡ ಅಂದರು, ಕೂರಲೂ ಇಲ್ಲ. ನೇರ ಬಚ್ಚಲ ಪಕ್ಕದ ತೊಟ್ಟಿಗೆ ಹೋಗಿ ಬ್ಯಾಟರಿ ಬೆಳಕು ಬಿಟ್ಟರು. ತಿಳಿ ನೀರಲ್ಲಿ ಸಣ್ಣ ಹುಳಗಳು ಕುಣಿಯುತ್ತಿದ್ದವು.

“ನಾ ಹೇಳಿದ್ದು ತಪ್ಪಾತವ್ವಾ. ಈ ರೋಗದ ಸೊಳ್ಳಿ ಗದ್ದ್ಯಾಗ ಹುಟ್ಟಂಗಿಲ್ಲ, ಮನ್ಯಾಗ ಕೂಡಿಟ್ಟ ಚೊಕ್ಕ ನೀರಾಗ ಹುಟ್ಟತೈತಿ. ಹಗಲಿನ್ಯಾಗ ಕಡಿತೈತಿ. ತಾಯಿಗೆ ಸಣ್ಣ ಜ್ವರ ಬಂದು ಹೋಗತೈತಿ, ಹೊಟ್ಟ್ಯಾಗಿನ ಕೂಸಿನ ಮಿದುಳು ಬೆಳೀದಂಗ ಆಗಬಹುದು.”

 ಅದೇ ವಾರ ನನಗೆ ಮೈ ಬೆಚ್ಚಗಾಗಿ, ತೋಳಿಗೆಲ್ಲ ಕೆಂಪು ಗಂಧೆ ಎದ್ದಿದ್ದವು. ಬಿಸಿಲಿನ ಧಗೆ ಎಂದುಕೊಂಡು ಸುಮ್ಮನಿದ್ದೆ. ಈಗ ಅದನ್ನು ಹೇಳಿದೆ. ಬೈಯುತ್ತಾರೆ ಅಂದುಕೊಂಡರೆ ಬೈಯಲಿಲ್ಲ. “ಅಂಜಬ್ಯಾಡ. ರಕ್ತ, ಮೂತ್ರ ಎರಡೂ ತಪಾಸಣಿಗೆ ಕಳಸೂಣು” ಅಂದವರೇ ಸೆರಗು ಸಿಕ್ಕಿಸಿದರು.

ತೊಟ್ಟಿ ಬರಿದು ಮಾಡಬೇಕೆಂದಾಗ ಅವ್ವನಿಗೆ ಸಂಕಟ. “ನಳ ಬರೂದು ವಾರಕ್ಕೊಮ್ಮಿ. ಚೆಲ್ಲಂದ್ರ ಹೆಂಗ್ರೀ ನರ್ಸಬಾಯಾರ?”

“ಹನಿನೂ ಚೆಲ್ಲಬ್ಯಾಡ್ರಿ” ಎಂದು ಹಳೇ ಸೀರೆಯಲ್ಲಿ ಸೋಸಿ ಸೋಸಿ ಕೊಡಗಳಿಗೆ ತುಂಬಿಸಿದರು. ತೊಟ್ಟಿ ಗೋಡೆಗೆ ಮೊಟ್ಟೆ ಅಂಟಿರುತ್ತವೆಂದು ತಾವೇ ಒಳಗಿಳಿದು ನಾರು ಹಿಡಿದು ತಿಕ್ಕಿದರು. ನೀರು ಮತ್ತೆ ಸುರಿದು, ಮೇಲೆ ಬಿಗಿಯಾಗಿ ಬಟ್ಟೆ ಕಟ್ಟಿಸಿದರು. ನನ್ನನ್ನು ನೋಡಲು ಬಂದಿದ್ದ ನನ್ನ ಗಂಡನನ್ನೂ ಬಿಡಲಿಲ್ಲ. ಈ ರೋಗ ಗಂಡನಿಂದ ಹೆಂಡತಿಗೂ ಹತ್ತುತ್ತದೆ, ಹೆರಿಗೆಯಾಗುವ ತನಕ ನಿರೋಧ್ ಇಲ್ಲದೆ ಸನಿಹ ಹೋಗಬೇಡಿ ಎಂದು ದನದ ಕೊಟ್ಟಿಗೆ ಹಿಂದೆ ನಿಲ್ಲಿಸಿ ಹೇಳಿದರು. ಹಿಂದೆ ನಿಲ್ಲಿಸಿ ಏನು ಬಂತು, ಆ ದನಿಗೆ ಇಡೀ ಓಣಿಗೆ ಕೇಳಿಸಿತು! ಪಾಪ, ನನ್ನ ಗಂಡ ತಲೆ ಎತ್ತಲಿಲ್ಲ.

ತಪಾಸಣೆ ಫಲಿತಾಂಶ ಬರುವ ತನಕ ನಾನು ಹೊಟ್ಟೆ ಮೇಲಿನ ಕೈ ತೆಗೆಯಲಿಲ್ಲ. ರೋಗ ಇಲ್ಲ ಎಂದು ಬಂದಾಗ ಮೊದಲು ಅವರಿಗೇ ಫೋನ್ ಮಾಡಿದೆ.  ಆ ಕಡೆಯಿಂದ ದೊಡ್ಡ ದನಿಯ ಬದಲು ಮೂಗು ಸೀಟಿದ್ದಷ್ಟೇ ಕೇಳಿಸಿತು...

ಆಮೇಲೆ ತಾವು ಯಲಬುರ್ಗಾ, ಕುಷ್ಟಗಿ ಕಡೆ ಕಳಿಸಿದ್ದ ಒಬ್ಬೊಬ್ಬ ಬಸುರಿಯ ಮನೆಗೂ ಹೋದರು. ಫೋನಿನಲ್ಲಿ ಹೇಳಿದರೆ ಸಾಲದೇ ಎಂದು ಜೊತೆಯವರು ಕೇಳಿದ್ದಕ್ಕೆ, “ಫೋನಿನ್ಯಾಗ ಹೂಂ ಅಂತಾರ, ತೊಟ್ಟಿ ತಿಕ್ಕಂಗಿಲ್ಲ” ಅಂದರಂತೆ.

ಹೋದ ವರ್ಷ ಎದೆನೋವು ಬಂದು ತೀರಿಕೊಂಡರು. ನನ್ನ ಮಗಳು ಈಗ ಶಾಲೆಗೆ ಹೋಗುತ್ತಾಳೆ. ಇವತ್ತು ಬೆಳಿಗ್ಗೆ ನಮ್ಮ ಹೊಸ ಸಿಸ್ಟರ್, ಒಳ್ಳೆ ಹುಡುಗಿ, ಒಬ್ಬ ಬಸುರಿಯನ್ನು ಒಣ ಸೀಮೆಗೆ ಹೋಗು ಎಂದು ಯಲಬುರ್ಗಾ ಕಡೆಯ ತವರಿಗೆ ಕಳಿಸಿಬಿಟ್ಟಿದ್ದಳು. ಕೇಳಿ ಮೈ ಉರಿಯಿತು, ಬಾಯಿ ತುದಿಗೆ ಬೈಗುಳ ಬಂತು. ದೊಡ್ಡ ಸಿಸ್ಟರ್ ಇದ್ದಿದ್ದರೆ ಇಷ್ಟೊತ್ತಿಗೆ ಬಸ್ಸಿನಲ್ಲಿ ಕೂತಿರುತ್ತಿದ್ದರು. ಅವರಿಲ್ಲ. ಆ ಹುಡುಗಿಯ ಕೈ ಹಿಡಿದೆ.

“ನಡಿಯವ್ವಾ, ಯಲಬುರ್ಗಾ ಬಸ್ ಹೊಂಡತೈತಿ. ಇಬ್ಬರೂ ಹೋಗೂಣು.”