ರಿಕಾಮಿ ಕುಳಿತ ಕಂಪ್ಯೂಟರುಗಳು

ಗೆಳೆಯರೇ, ತಲೆ ಸಿಡಿಯುತ್ತಿದೆ. ಸೊಲ್ಲಾಪುರದ ನಮ್ಮ ಟವೆಲ್ ಅಂಗಡಿಯಲ್ಲಿ ಡಿಸೈನ್ ತಯಾರಿಸಲು ನಾಲ್ಕು ಕಂಪ್ಯೂಟರುಗಳಿವೆ, ಎಲ್ಲಕ್ಕೂ ಒಂದೇ ಸರ್ವರ್. ನಾಲ್ಕೂ ಒಮ್ಮೆಲೇ ಫೈಲು ಎಳೆದರೆ ಅದಕ್ಕೆ ಉಸಿರು ಕಟ್ಟುತ್ತದೆ. ಅದಕ್ಕೇ ಒಂದು ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಶುರುವಾಗುವಂತೆ ಅಂತರ ಹೊಂದಿಸಿದ್ದೆ. ಇಂದು ನಾನು ಊಟಕ್ಕೆ ಎದ್ದದ್ದೇ ತಡ, ಅಂಗಡಿ, ಮಗ್ಗದ ಕಾರ್ಖಾನೆ ಎರಡನ್ನೂ ನಡೆಸುವ ನಮ್ಮ ಕಾಕಾ ಎಲ್ಲವನ್ನೂ ಒಟ್ಟಿಗೇ ಓಡಿಸಿದರು. ಸಂಜೆ ಕಳಿಸಬೇಕಿದ್ದ ಡಿಸೈನುಗಳೆಲ್ಲ ಅರ್ಧಕ್ಕೇ ಸತ್ತವು.

"ಮೂರು ಕೆಲಸಿಲ್ಲದ ರಿಕಾಮಿ ಕುಂತಿದ್ವು, ಕೆಲಸಕ್ಕ ಹಚ್ಚೀನಿ," ಎಂದರು ಕಾಕಾ.

"ಮತ್ತ ಕಾರಖಾನ್ಯಾಗ ಲೂಮ್ ಯಾಕ ಒಂದೊಂದ ಚಾಲೂ ಮಾಡ್ತೀರಿ?"

"ಒಮ್ಮೆಲೇ ಮಾಡಿದ್ರ ಫ್ಯೂಜ್ ಹಾರ್ತದ. ಅಷ್ಟೂ ತಿಳಿಯೂದಿಲ್ಲೇನ್ ನಿನಗ?"

ಇಲ್ಲ ಕಾಕಾ, ತಿಳಿಯುವುದಿಲ್ಲ. ನಾಳೆ ಬೆಳಿಗ್ಗೆ ಕಾರ್ಖಾನೆಗೆ ಹೋಗಿ, ಪಾಪ, ರಿಕಾಮಿ ಕುಳಿತ ಲೂಮುಗಳನ್ನೆಲ್ಲ ಒಮ್ಮೆಲೇ ಕೆಲಸಕ್ಕೆ ಹಚ್ಚಿ ಬರುತ್ತೇನೆ.