ಬೆಳಗಾಗುವುದರೊಳಗೆ ಒಣಗುವ ಸೀರೆಗಳು

ಹೋದ ವಾರ ಮಗಳ ಶಾಲೆಯ ಲಂಗಕ್ಕೆ ಇಸ್ತ್ರಿ ಮಾಡುತ್ತಿದ್ದೆ. ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಯಿತೆಂದು ತಿರುಗಿ ನೋಡಿದೆ, ಅಷ್ಟೇ. ಬಟ್ಟೆ ಇಸ್ತ್ರಿಪೆಟ್ಟಿಗೆಗೆ ಅಂಟಿಕೊಂಡು ಎಳೆ ಎಳೆಯಾಗಿ ಬಂತು. ಹತ್ತಿ ಬಟ್ಟೆ ಸುಟ್ಟರೆ ಕಾಗದ ಸುಟ್ಟಂತೆ ವಾಸನೆ ಬರುತ್ತದೆ. ಇದು ಹಾಗಲ್ಲ. ಇದರಲ್ಲಿ ಸ್ವಲ್ಪ ಸಿಹಿ ಇರುತ್ತದೆ, ಸ್ವಲ್ಪ ಪ್ಲಾಸ್ಟಿಕ್ಕು, ಆಮೇಲೆ ಗಂಟಲಲ್ಲಿ ಕೂತುಬಿಡುವ ಇನ್ನೇನೋ... ಪ್ಲಗ್ ಕಿತ್ತು, ಕಿಟಕಿ ತೆರೆದು, ಅಡುಗೆಮನೆಯ ನೆಲದ ಮೇಲೆ ಕುಳಿತೆ. ಮಗಳು ಬಂದು ಲಂಗದ ತೂತು ನೋಡಿದಳು. "ಇರಲಿ ಬಿಡ ಅವ್ವಾ, ಇನ್ನೊಂದು ಐತಲ್ಲ" ಎಂದಳು. ನಾನು ಕುಳಿತದ್ದು ಲಂಗದ ಸಲುವಾಗಿ ಅಲ್ಲ ಎಂದು ಅವಳಿಗೆ ಹೇಳಲಿಲ್ಲ.

ಆ ವಾಸನೆಯನ್ನು ನಾನು ಮೊದಲು ಅರಿತದ್ದು ಬೆಳಗಾವಿಯ ಉದ್ಯಮಬಾಗದಲ್ಲಿ, ಕಬ್ಬಿಣದ ಎರಕ ಹೊಯ್ಯುವ ಒಂದು ಕಾರ್ಖಾನೆಯೊಳಗೆ. ಅಲ್ಲಿಯ ಆಫೀಸಿನಲ್ಲಿ ನಾನು ಬಿಲ್ಲು ಬರೆಯುತ್ತಿದ್ದೆ. ನನ್ನ ಎದುರಿನ ಮೇಜು ಅಕ್ಕನದು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನನಗಿಂತ ಕೆಲವು ವರ್ಷ ದೊಡ್ಡವಳು, ಖಾನಾಪುರದಲ್ಲಿ ನಮ್ಮ ಓಣಿಯ ಆಚೆ ಓಣಿಯವಳು. ಬೆಳಿಗ್ಗೆ ಒಂದೇ ಬಸ್ಸು ಹತ್ತುತ್ತಿದ್ದೆವು, ಸಂಜೆ ಒಂದೇ ಬಸ್ಸಿಗೆ ಕಾಯುತ್ತಿದ್ದೆವು. ಹೊರಗೆ ಹೋಗುವ ಮಾಲಿನ ಕೆಲಸ ಅವಳದು. ಒಳಗೆ ಹೋಗಿ ಎರಕದ ತುಂಡುಗಳನ್ನು ನೋಡಿ ಬರುವುದು, ಲಾರಿಯವರಿಗೆ ಕಾಗದ ಮಾಡಿಕೊಡುವುದು.

ಅವಳ ನೌಕರಿ ಕಾಯಂ ಆಗಿರಲಿಲ್ಲ. ಪ್ರತಿ ವರ್ಷ ಮ್ಯಾನೇಜರ್ "ಈ ಸಲ ನಿಮ್ಮ ಹೆಸರು ಮ್ಯಾಲೆ ಕಳಸೂಣ್ರೀ" ಎನ್ನುತ್ತಿದ್ದರು. ಗಂಡ ಗೋವೆಯಲ್ಲಿ ಹೋಟೆಲಿನ ಅಡುಗೆ ಕೆಲಸದಲ್ಲಿದ್ದ, ಹಬ್ಬಕ್ಕೆ ಬಂದು ಹೋಗುತ್ತಿದ್ದ. ಮಗಳನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಅಕ್ಕ ಮನೆ ಬಿಡುವಾಗ ಹುಡುಗಿ ಮಲಗಿರುತ್ತಿದ್ದಳು, ರಾತ್ರಿ ಇವಳು ಅಡುಗೆ ಮುಗಿಸುವುದರೊಳಗೆ ಮತ್ತೆ ಮಲಗಿರುತ್ತಿದ್ದಳು. ಕಾಯಂ ಆದರೆ ಕಾರ್ಖಾನೆಯ ಹತ್ತಿರ ಪೀರನವಾಡಿಯಲ್ಲೋ ಮಚ್ಛೆಯಲ್ಲೋ ಒಂದು ಖೋಲಿ ಹಿಡಿಯಬೇಕು, ಮಗಳನ್ನು ಅಲ್ಲಿಯ ಶಾಲೆಗೆ ಹಾಕಬೇಕು. ಅವಳ ಲೆಕ್ಕ ಇಷ್ಟೇ ಇತ್ತು. ಒಮ್ಮೆ ಬಸ್ಸಿನಲ್ಲಿ ಹೇಳಿದಳು: "ದಿನಾ ಮುಂಜಾನೆ ಅಕೀ ಜಡಿ ನಾನು ಹಾಕಬೇಕು ನೋಡ. ಮಲಗಿದ್ದಾಗ ಹಾಕಿದ್ದಲ್ಲ, ಎದ್ದು ಕುಂತು ಅಳ್ಕೋತ ಕುಂತಾಗ ಹಾಕಿದ್ದು."

ಹೆರಿಗೆಯಾದ ಮೇಲೆ ನಾನು ಕೆಲಸಕ್ಕೆ ಮರಳಿದ ದಿನಗಳಲ್ಲಿ ನನ್ನ ಅವಸ್ಥೆ ಹೇಳುವಂತಿರಲಿಲ್ಲ. ಮದುವೆಯಲ್ಲಿ ಬಂದ ಗಂಜಿ ಹಾಕಿದ ಸೀರೆಗಳು, ತಿಳಿ ಬಣ್ಣದ ಜಂಪರುಗಳು. ನೆರಿಗೆ ಹಿಡಿಯುವಷ್ಟರಲ್ಲಿ ಮಗು ಅಳುತ್ತಿತ್ತು. ಅರ್ಧ ದಾರಿಯಲ್ಲಿ ಎದೆಹಾಲು ಇಳಿದು ಜಂಪರಿನ ಮೇಲೆ ಕಲೆ ಮೂಡುತ್ತಿತ್ತು, ನಾನು ಸೆರಗು ಎಳೆದುಕೊಂಡು ಕೂರುತ್ತಿದ್ದೆ. ಒಂದು ದಿನ ಅಕ್ಕ ತನ್ನ ಮೇಜಿನಿಂದಲೇ ನನ್ನನ್ನು ಬಹಳ ಹೊತ್ತು ನೋಡಿದಳು.

"ಹಿಂಗ ದಿನಾ ಲಗ್ನದ ಸೀರಿ ಉಟ್ಟು ಬಂದ್ರ ಕೂಸಿನ್ನ ಬೆಳಸಾಕ ಆಗೂದಿಲ್ಲ ತಂಗಿ. ಶನಿವಾರ ಅರ್ಧ ದಿನಾ ಐತಿ. ಖಡೇಬಜಾರಕ್ಕ ಹೋಗೂಣು ನಡಿ."

ಅಂಗಡಿಯಲ್ಲಿ ಗಾದಿಯ ಮೇಲೆ ಕುಳಿತು ಅವಳು ಅಂಚಿನ ಸೀರೆ, ಜರಿಯ ಸೀರೆ ಎಲ್ಲವನ್ನೂ ಬದಿಗೆ ಸರಿಸಿದಳು. ಬೂದು, ಕಡುನೀಲಿ, ಮರೂನು, ಈ ಮೂರೇ ಬಣ್ಣ ತೆಗೆಸಿದಳು. ಸಣ್ಣ ಹೂವಿನದು, ಸಿಂಥೆಟಿಕ್ಕು. ಆಮೇಲೆ ಚೀಲದಿಂದ ನೀರಿನ ಬಾಟಲಿ ತೆಗೆದು ಒಂದು ಸೀರೆಯ ಮೂಲೆಯನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಂಡಿ ಹಿಡಿದಳು. ಅಂಗಡಿಯವನು ಬಾಯಿ ತೆರೆದು ನೋಡಿದ.

"ಅಕ್ಕಾರ, ಸೀರಿ ತೊಗೊಳ್ಳಾಕ ಬಂದೀರೋ, ಒಗ್ಯಾಕ ಬಂದೀರೋ?"

"ಒಗದ ಮ್ಯಾಲ ಜಗಳ ಮಾಡಾಕ ಬರಬಾರದಲ್ರೀ, ಅದಕ್ಕ" ಎಂದು ಅಕ್ಕ ಮುಷ್ಟಿ ಬಿಚ್ಚಿದಳು. ಸುಕ್ಕು ಬಿದ್ದಿರಲಿಲ್ಲ. ನಾವು ಚಹಾ ಕುಡಿದು ಮುಗಿಸುವುದರೊಳಗೆ ಆ ಮೂಲೆ ಒಣಗಿತ್ತು. ಅದನ್ನು ನನ್ನ ಕೈಯಿಂದ ಮುಟ್ಟಿಸಿ ತೋರಿಸಿದಳು.

ಅವಳದೇ ಒಂದು ಪದ್ಧತಿ ಇತ್ತು. ಸೀರೆ ಐದೇ, ಜಂಪರು ನಾಲ್ಕೇ. ಯಾವ ಸೀರೆಗೂ ಯಾವ ಜಂಪರಾದರೂ ಒಪ್ಪಬೇಕು. ಲಂಗಗಳೆಲ್ಲ ಕಪ್ಪು. ಹಾಲೂಡಿಸುವವರಿಗೆ ಜಂಪರಿನ ಗುಂಡಿ ಮುಂದೆ ಇರಬೇಕು, ಬಟ್ಟೆ ಹೂವಿನದಿರಬೇಕು, ಒದ್ದೆಯಾದರೂ ಕಾಣುವುದಿಲ್ಲ. ರವಿವಾರ ಕುಳಿತು ನೆರಿಗೆಗಳನ್ನು ಹಿಡಿದು, ಪಿನ್ನು ಹಾಕಿ, ಮಡಚಿ ಇಟ್ಟುಬಿಡಬೇಕು. ಖಾನಾಪುರದಲ್ಲಿ ಮಳೆಗಾಲದ ಬೆಳಿಗ್ಗೆ ಕರೆಂಟು ಇರುವುದಿಲ್ಲ. "ಕತ್ತಲ್ದಾಗ ಕೈ ಹಾಕಿ ತಗದ್ರೂ ಜೋಡಿ ತಪ್ಪಬಾರದು. ವಿಚಾರ ಮಾಡೂದು ಆಫೀಸಿಗೆ ಬಂದ ಮ್ಯಾಲ" ಎನ್ನುತ್ತಿದ್ದಳು. ಇದೆಲ್ಲಕ್ಕಿಂತ ಮುಖ್ಯವಾದದ್ದು ಒಂದು: ರಾತ್ರಿ ಒಗೆದು ಹಾಕಿದರೆ ಬೆಳಗಾಗುವುದರೊಳಗೆ ಒಣಗಬೇಕು. ನಮ್ಮ ಕಡೆಯ ಮಳೆ ಗೊತ್ತಿದ್ದವರಿಗೆ ಈ ಮಾತಿನ ತೂಕ ಗೊತ್ತು. ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಹತ್ತಿ ಬಟ್ಟೆ ಹಗ್ಗದ ಮೇಲೆಯೇ ಮುಗ್ಗಲು ಹಿಡಿಯುತ್ತದೆ.

ಪದ್ಧತಿ ಎಷ್ಟು ಚೆನ್ನಾಗಿ ನಡೆದಿತ್ತೆಂದರೆ, ನಮ್ಮ ಬಸ್ಸಿನ ಕಂಡಕ್ಟರ್ ಒಮ್ಮೆ ಟಿಕೆಟ್ ಕೊಡುತ್ತ ಹೇಳಿದ: "ಈ ಅಕ್ಕಾರ ಮನ್ಯಾಗ ಸೀರಿ ಅಂಗಡಿ ಐತೇನು? ಒಂದ ದಿನಾ ಉಟ್ಟದ್ದು ಮತ್ತ ಕಾಣಂಗಿಲ್ಲ." ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿ ನನ್ನ ತೋಳು ಚಿವುಟಿದಳು. ಅವಳ ಅತ್ತೆಗೆ ಮಾತ್ರ ಆ ಸೀರೆಗಳು ಸೇರುತ್ತಿರಲಿಲ್ಲ. "ಅಂಚಿಲ್ಲ, ಸೆರಗಿಲ್ಲ, ಇದೇನು ಸೀರಿನೋ ಖಿಡಕಿ ಪಡದೇನೋ" ಎಂದು ಬಾಗಿಲಲ್ಲಿ ನಿಂತು ನನಗೂ ಕೇಳುವಂತೆ ಅನ್ನುತ್ತಿದ್ದರು.

ಆ ಇಡೀ ಪದ್ಧತಿಯಲ್ಲಿ ಅವಳ ಕೈಯಲ್ಲಿಲ್ಲದ ಬಟ್ಟೆ ಒಂದೇ. ಕಾರ್ಖಾನೆ ಕೊಟ್ಟ ಕೋಟು. ದಪ್ಪ ಹತ್ತಿಯದು, ಉದ್ದ ತೋಳಿನದು, ಖಾಕಿ ಬಣ್ಣದ್ದು. ಆಫೀಸಿನವರು ಯಾರೇ ಒಳಗೆ ಹೋಗಬೇಕಾದರೂ ಅದನ್ನು ತೊಟ್ಟು, ಸೆರಗನ್ನು ಒಳಗೆ ಸಿಕ್ಕಿಸಿ, ಗುಂಡಿ ಹಾಕಿಕೊಂಡು ನೆಲದ ಮೇಲಿನ ಹಳದಿ ಗೆರೆ ದಾಟಬೇಕು. ತಲೆಗೊಂದೇ ಕೋಟು ಕೊಟ್ಟಿದ್ದರು. ಅದು ಬೆಳಗಾಗುವುದರೊಳಗೆ ಒಣಗುತ್ತಿರಲಿಲ್ಲ.

ಅದಕ್ಕೂ ಎಲ್ಲರಿಗೂ ಗೊತ್ತಿದ್ದ ಒಂದು ದಾರಿ ಇತ್ತು. ಮರಳಿನ ಅಚ್ಚುಗಳನ್ನು ಬೇಯಿಸುವ ದೊಡ್ಡ ಓವನ್ನಿನ ಬದಿಯಲ್ಲಿ, ಗೋಡೆಗೆ ಯಾರೋ ಯಾವಾಗಲೋ ಹೊಡೆದ ಒಂದು ಮೊಳೆ. ಮಳೆಗಾಲದಲ್ಲಿ ಕೆಲಸಗಾರರ ಟವೆಲ್ಲು, ರೇನ್‌ಕೋಟು, ಕಾಲುಚೀಲ ಎಲ್ಲ ಅಲ್ಲಿಯೇ. ನನ್ನ ಮಗುವಿನ ಕುಲಾವಿಯೂ ಒಮ್ಮೆ ಅಲ್ಲಿ ಒಣಗಿತ್ತು. ಯಾರೂ ಬೇಡ ಎಂದಿರಲಿಲ್ಲ.

ಆ ದಿನ ಪುಣೆಯಿಂದ ಮಾಲು ಕೊಳ್ಳುವವರು ನೋಡಲು ಬರುವವರಿದ್ದರು. ಅವರಿಗೆ ಒಳಗೆಲ್ಲ ತೋರಿಸುವ ಕೆಲಸವನ್ನು ಮ್ಯಾನೇಜರ್ ಅಕ್ಕನಿಗೆ ಒಪ್ಪಿಸಿದ್ದರು. "ಇದೊಂದು ಛಲೋ ಆತಂದ್ರ ನಿಮ್ಮ ಹೆಸರು ಕಳಸಾಕ ನನಗೂ ಸಸಾರ ಆಗತೈತ್ರೀ" ಎಂದಿದ್ದರು. ಹಾಗಾಗಿ ಅವಳು ಹಿಂದಿನ ರಾತ್ರಿ ಕೋಟು ಒಗೆದಿದ್ದಳು. ಮಸಿ ಹಿಡಿದ ಕೋಟಿನಲ್ಲಿ ಅವರ ಮುಂದೆ ನಿಲ್ಲುವುದು ಅವಳಿಗೆ ಆಗದ ಮಾತು. ಬಸ್ಸಿನಲ್ಲಿ ನನ್ನ ಪಕ್ಕ ಕುಳಿತು ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಕಡುನೀಲಿ ಸೀರೆ ಉಟ್ಟಿದ್ದಳು. ಚೀಲದ ತಳದಲ್ಲಿ ನೀರು ನಿಂತಿತ್ತು.

"ಸೀರಿ, ಜಂಪರ್ ಎಲ್ಲಾ ಒಣಗ್ಯಾವ. ಇದೊಂದ ನೋಡ, ಎಮ್ಮಿ ಹಂಗ ನೆನಕೊಂಡು ಕುಂತೈತಿ" ಎಂದಳು. ಆಮೇಲೆ, "ಓವನ್ ಬಾಜೂಕ ಸ್ವಲ್ಪ ಹಿಡದ್ರ ಆತು."

ಮುಂದಿನದನ್ನು ನಾನು ಕಂಡಷ್ಟನ್ನೇ ಬರೆಯುತ್ತೇನೆ. ಆಫೀಸಿನಿಂದ ಒಳಗೆ ಹೋಗುವ ಬಾಗಿಲಲ್ಲಿ ನಾನು ನಿಂತಿದ್ದೆ, ಲಾರಿಯವನೊಬ್ಬ ಅವಳನ್ನು ಕೇಳುತ್ತಿದ್ದುದರಿಂದ ಕರೆಯಲು ಹೋಗಿದ್ದೆ. ಮೊಳೆಯ ಮೇಲೆ ಆಗಲೇ ಟವೆಲ್ಲುಗಳಿದ್ದವು, ಜಾಗ ಇರಲಿಲ್ಲ. ಅವಳು ಕೋಟಿನ ಎರಡೂ ಭುಜ ಹಿಡಿದು, ಮಗುವಿಗೆ ಅಂಗಿ ತೊಡಿಸುವವರ ಹಾಗೆ, ಓವನ್ನಿನ ಕಡೆಗೆ ಚಾಚಿ ನಿಂತಿದ್ದಳು. ಕೋಟು ಮೈಮೇಲಿದ್ದರೆ ಸೆರಗು ಅದರ ಒಳಗಿರುತ್ತಿತ್ತು. ಕೋಟು ಕೈಯಲ್ಲಿತ್ತು, ಸೆರಗು ಹೊರಗಿತ್ತು. ಹಿಂದೆ ದೊಡ್ಡ ಫ್ಯಾನು ತಿರುಗುತ್ತಿತ್ತು. ನಾನು "ಅಕ್ಕಾ" ಎಂದೆ. ಅವಳು ಕತ್ತು ಹೊರಳಿಸಿ "ಬಂದೆ, ಬಂದೆ" ಎಂದಳು. ಸೆರಗು ಹಾರಿ ಓವನ್ನಿನ ಕೆಳಗಿನ ಉರಿಯ ಬಾಯಿಗೆ ಹೋಯಿತು.

ಹತ್ತಿಯಾಗಿದ್ದರೆ ಕಿತ್ತೆಸೆಯಬಹುದಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು. ಇದು ಉರಿಯುತ್ತ ಕರಗಿತು, ಕರಗುತ್ತ ಅಂಟಿತು. ಪಿನ್ನು ಹಾಕಿ ಗಟ್ಟಿ ಮಾಡಿದ ನೆರಿಗೆಗಳು ಬಿಚ್ಚಲಿಲ್ಲ. ಕೆಲಸಗಾರರು ಅಚ್ಚಿನ ಮರಳನ್ನು ಬುಟ್ಟಿಗಳಲ್ಲಿ ತಂದು ಸುರಿದರು. ಒಬ್ಬ ಹಿರಿಯ, ನೆಲಕ್ಕೆ ಬಿದ್ದಿದ್ದ ಆ ಹಸಿ ಕೋಟನ್ನೇ ತೆಗೆದು ಅವಳಿಗೆ ಹೊದಿಸಿ ಒತ್ತಿ ಹಿಡಿದ. ಬೆಂಕಿ ಆರಿತು. ಆ ವಾಸನೆ... ಅದನ್ನು ಮೇಲೆ ಹೇಳಿದ್ದೇನೆ.

ದವಾಖಾನೆಯಲ್ಲಿ ನನ್ನನ್ನು ಒಮ್ಮೆ ಒಳಗೆ ಬಿಟ್ಟರು. ಮುಖಕ್ಕೆ ಏನೂ ಆಗಿರಲಿಲ್ಲ. ಅದನ್ನು ನೋಡಿ ನನಗೆ ಒಂದು ಗಳಿಗೆ ಆಸೆ ಹುಟ್ಟಿತು.

"ಪುಣೇದವರು ಬಂದಿದ್ರೇನು?" ಎಂದು ಕೇಳಿದಳು.

"ಇಲ್ಲಕ್ಕಾ. ಮುಂದ ಹಾಕ್ಯಾರ."

"ಮತ್ತ ನನ್ನ ಹೆಸರು?"

"ನನಗ ಗೊತ್ತಿಲ್ಲಕ್ಕಾ."

ಆಮೇಲೆ, ಮರುದಿನ ಕೆಲಸಕ್ಕೆ ಹೋಗುವವಳ ಧ್ವನಿಯಲ್ಲಿ, "ಕೋಟು ಒಣಗಿತ್ತೇನ?" ಎಂದಳು. ವಾರ ತುಂಬುವುದರೊಳಗೆ ಅವಳು ಹೋದಳು.

ಪುಣೆಯವರು ಮುಂದಿನ ತಿಂಗಳು ಬಂದರು. ಅಷ್ಟರಲ್ಲಿ ಮೊಳೆ ಕಿತ್ತು, ಇಲ್ಲಿ ಬಟ್ಟೆ ಒಣಗಿಸಬಾರದು ಎಂದು ಬೋರ್ಡು ಬರೆಸಿ ಹಾಕಿದ್ದರು. ಬಂದವರು ಅದನ್ನು ಓದಿ ಒಪ್ಪಿಗೆಯಿಂದ ತಲೆಯಾಡಿಸಿದರು. ಅವಳ ಮೇಜಿಗೆ ಹೊಸಬಳು ಬಂದಳು, ಅವಳದೂ ಕಾಯಂ ನೌಕರಿಯಲ್ಲ. ಮುಂದಿನ ಮಳೆಗಾಲ ಬಂದಾಗ ನೋಡಿದೆ, ಬೋರ್ಡನ್ನು ತೂಗುಹಾಕಿದ್ದ ಮೊಳೆಗೆ ಯಾರದೋ ಟವೆಲ್ಲು ನೇತಾಡುತ್ತಿತ್ತು. ಬಟ್ಟೆ ಎಲ್ಲಾದರೂ ಒಣಗಲೇಬೇಕಲ್ಲ... ಆ ವರ್ಷವೇ ನಾನು ಅಲ್ಲಿಯ ಕೆಲಸ ಬಿಟ್ಟು ಬೆಳಗಾವಿಯಲ್ಲೇ ಕೋಟೆಯ ಹತ್ತಿರದ ಒಂದು ಆಫೀಸಿಗೆ ಸೇರಿದೆ.

ಅಕ್ಕನ ಮನೆಗೆ ಆಗಾಗ ಹೋಗುತ್ತಿದ್ದೆ. ಒಮ್ಮೆ ಅತ್ತೆ ಪಡಸಾಲೆಯಲ್ಲಿ ಹಳೆಯ ಬಟ್ಟೆ ಹರಡಿಕೊಂಡು ಕೌದಿ ಹೊಲಿಯುತ್ತಿದ್ದರು. ತಮ್ಮ ಸೀರೆಗಳಿದ್ದವು, ಮಗನ ಧೋತರ ಇತ್ತು. ಅಕ್ಕನ ಉಳಿದ ನಾಲ್ಕು ಸೀರೆಗಳು ಒಂದು ಮೂಲೆಯಲ್ಲಿದ್ದವು, ಒಂದರದನ್ನು ಬಿಟ್ಟರೆ ನೆರಿಗೆಯ ಪಿನ್ನುಗಳನ್ನೂ ತೆಗೆದಿರಲಿಲ್ಲ. ನಾನು ಅವುಗಳ ಕಡೆ ನೋಡಿದ್ದನ್ನು ಅತ್ತೆ ಕಂಡರು.

"ಮಾಡಿ ನೋಡಿದ್ನಿ ಯವ್ವಾ. ಸೂಜಿ ಹಿಡಿಯೂದಿಲ್ಲ, ಜಾರತಾವ. ಹೊಚ್ಚಗೊಂಡ್ರ ಬೆಚ್ಚಗೂ ಆಗೂದಿಲ್ಲ" ಎಂದರು. ಸೂಜಿಯನ್ನು ಕೌದಿಗೆ ಚುಚ್ಚಿಟ್ಟರು. "ಪೋರಿಗೆ ಅವ್ವನ್ದು ಒಂದ ಕೌದಿ ಆಗಲಿ ಅಂತ ಖರೇನ ಭಾಳ ಮಾಡಿ ನೋಡಿದ್ನಿ." ಹುಡುಗಿ ಹೊಸ್ತಿಲಲ್ಲಿ ಕುಳಿತು ತನ್ನ ಜಡೆಯನ್ನು ತಾನೇ ಹೆಣೆದುಕೊಳ್ಳುತ್ತಿದ್ದಳು. ಒಂದು ಕಡೆ ಸಡಿಲಾಗಿತ್ತು. ಸರಿಮಾಡಲು ಕೈ ಚಾಚಿದೆ, ಅವಳು ತಲೆ ಸರಿಸಿಕೊಂಡಳು. ಈಗ ಅವಳನ್ನು ಅಪ್ಪ ಗೋವೆಗೆ ಕರೆದುಕೊಂಡು ಹೋಗಿದ್ದಾನೆಂದು ಕೇಳಿದ್ದೇನೆ.

ಲಂಗ ಸುಟ್ಟ ಮರುದಿನವೂ ನಾನು ಎಂದಿನಂತೆ ಬಸ್ಸು ಹತ್ತಿದೆ. ನಾನು ಈಗ ಹತ್ತಿ ಮಾತ್ರ ಉಡುತ್ತೇನೆ. ಮಳೆಗಾಲದಲ್ಲಿ ಅದು ಒಣಗುವುದಿಲ್ಲ. ಜಂಪರು ಹಸಿಯಿದ್ದರೂ ತೊಟ್ಟು ಹೋಗುತ್ತೇನೆ, ಮಧ್ಯಾಹ್ನದ ಹೊತ್ತಿಗೆ ಮೈಮೇಲೆಯೇ ಒಣಗುತ್ತದೆ. ಖಾನಾಪುರ ಬಿಟ್ಟ ಸ್ವಲ್ಪ ದೂರಕ್ಕೆ ರಸ್ತೆಯ ಬಲಗಡೆ ಅಕ್ಕನ ಅತ್ತೆಯ ಭತ್ತದ ಗದ್ದೆ ಬರುತ್ತದೆ. ಕಾಡುಹಂದಿ ನುಗ್ಗದಿರಲೆಂದು ನಮ್ಮ ಕಡೆ ಗದ್ದೆಯ ಸುತ್ತ ಹಳೆಯ ಸೀರೆ ಕಟ್ಟುತ್ತಾರೆ. ಬೇರೆ ಗದ್ದೆಗಳ ಸೀರೆಗಳು ಬಿಸಿಲು ಮಳೆಗೆ ಬಿಳಿಚಿ, ಹರಿದು, ವರ್ಷ ವರ್ಷ ಬದಲಾಗುತ್ತವೆ. ಆ ಗದ್ದೆಗೆ ಕಟ್ಟಿದವು ಬದಲಾಗಿಲ್ಲ. ಬೂದು, ಮರೂನು, ಸಣ್ಣ ಹೂವಿನ ನೀಲಿ. ಬಣ್ಣ ಹಾಗೆಯೇ ಇದೆ.

ಆ ಬೆಳಿಗ್ಗೆ ಅವು ಮಳೆಯಲ್ಲಿ ನೆನೆದು ಗೂಟಗಳಿಗೆ ಅಂಟಿಕೊಂಡಿದ್ದವು. ಮಧ್ಯಾಹ್ನದ ಮೇಲೆ ಸ್ವಲ್ಪ ಹೊಳವಾಗಿತ್ತು. ಸಂಜೆ ಮರಳುವಾಗ ಬಸ್ಸಿನ ಕಿಟಕಿ ಸರಿಸಿ ನೋಡಿದೆ. ಗದ್ದೆಯಲ್ಲಿ ಇನ್ನೂ ನೀರು ನಿಂತಿತ್ತು, ರಸ್ತೆ ಹಸಿಯಾಗಿತ್ತು, ನನ್ನ ಸೆರಗಿನ ಅಂಚು ಹಸಿಯಾಗಿತ್ತು. ಸೀರೆಗಳು ಮಾತ್ರ ಒಣಗಿ ಗಾಳಿಗೆ ಹಾರುತ್ತಿದ್ದವು.